ಕುದುರೆ ಸಾಲಿನಲ್ಲಿ ನಿಂತ ಕೈ

ಕಾಯಿಲೆಗಳಲ್ಲಿ ಮರ್ಯಾದೆ ಇರುವ ಕಾಯಿಲೆ, ಮರ್ಯಾದೆ ಇಲ್ಲದ ಕಾಯಿಲೆ ಎಂದು ಎರಡು ಬಗೆ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವನನ್ನು ನೋಡಲು ಜನ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬರುತ್ತಾರೆ. ಜ್ವರ ಬಂದವನ ಹಣೆ ಮುಟ್ಟಿ ಪಾಪ ಎಂದು ಲೊಚಗುಟ್ಟುತ್ತಾರೆ. ಆದರೆ ಊತವಿಲ್ಲದ, ಗಾಯವಿಲ್ಲದ, ಮುಟ್ಟಿದರೆ ಬಿಸಿಯೂ ಇರದ ನೋವು ಬಂದವನ ಪಾಡು ಯಾರಿಗೂ ಬೇಡ. ನೋಡಲು ಬಂದವರು ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಅವನ ಊಟದ ತಟ್ಟೆ ನೋಡುತ್ತಾರೆ. ತಟ್ಟೆಯಲ್ಲಿ ಎರಡನೆಯ ಮುದ್ದೆ ಕಂಡರೆ ಮುಗಿಯಿತು, ನೋವು ಸುಳ್ಳು. ಹೊಟ್ಟೆಗೂ ಭುಜಕ್ಕೂ ಏನ್ರೀ ಸಂಬಂಧ ಎಂದು ನಿಧಾನವಾಗಿ ಕೇಳುವ ತಾಳ್ಮೆ ನನಗಿಲ್ಲ. ನಾನು ಮೊದಲೇ ಮುಂಗೋಪಿ. ಭುಜ ಹಿಡಿದುಕೊಂಡ ಆ ವರ್ಷ ಹಳೇಬೀಡಿನಲ್ಲಿ ನಾನು ಬೈಯದೆ ಬಿಟ್ಟವರು ಯಾರೂ ಇರಲಿಲ್ಲ. ಈಗ ಯೋಚಿಸಿದರೆ ಆ ಬೈಗುಳದಲ್ಲಿ ಹೆಚ್ಚುಕಡಿಮೆ ಎಲ್ಲವೂ ವಿಳಾಸ ತಪ್ಪಿ ಹೋಗಿತ್ತು.

ನನ್ನ ಕಸುಬು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಾನು ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಗೈಡಿನದು ಬಾಯಿಯ ಕೆಲಸ ಎಂದು ಜನ ತಿಳಿದಿದ್ದಾರೆ. ನಿಜವಾಗಿ ಅದು ತೋಳಿನ ಕೆಲಸ. ನಮ್ಮ ದೇವಸ್ಥಾನದ ಹೊರಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಕೆತ್ತನೆಯ ಸಾಲುಗಳಿವೆ. ಬುಡದಲ್ಲಿ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಹಂಸಗಳ ಮೇಲೆ ದೊಡ್ಡ ದೊಡ್ಡ ದೇವರುಗಳು, ನಾಟ್ಯದ ಹೆಣ್ಣುಗಳು. ಇಷ್ಟನ್ನೂ ಬಂದವರಿಗೆ ಬಲಗೈ ಎತ್ತಿ ಎತ್ತಿ ತೋರಿಸಬೇಕು. ನನ್ನ ಸುತ್ತು ಮುಗಿಯುತ್ತಿದ್ದದ್ದು ಒಂದು ಕಾಲಿನ ಹಿಮ್ಮಡಿ ಎತ್ತಿ ನಿಂತ ಒಬ್ಬ ನರ್ತಕಿಯ ಮುಂದೆ. ಆ ಹಿಮ್ಮಡಿಯ ಬಗ್ಗೆಯೇ ನಾನು ಐದು ನಿಮಿಷ ಮಾತಾಡುತ್ತಿದ್ದೆ. ನೋಡಿ, ಕಲ್ಲೆಂಬ ಕಲ್ಲು ಹೂವಿನ ಹಾಗೆ ನೆಲ ಬಿಟ್ಟು ಎದ್ದಿದೆ, ಈ ಹಿಮ್ಮಡಿಯನ್ನು ಗಮನಿಸದವನು ಹಳೇಬೀಡನ್ನು ನೋಡಿದ ಹಾಗೇ ಅಲ್ಲ ಎಂದು ಹೇಳಿ ಕೈ ಇಳಿಸಿದರೆ ಜನ ತಾವಾಗಿಯೇ ಚಪ್ಪಾಳೆ ತಟ್ಟುತ್ತಿದ್ದರು. ರಜದ ದಿನಗಳಲ್ಲಿ ಇಂಥ ನಾಲ್ಕೈದು ಸುತ್ತು ಆಗುತ್ತಿದ್ದವು.

ನೋವು ಶುರುವಾದದ್ದು ಶರ್ಟಿನಿಂದ. ತೊಂಬತ್ತರ ದಶಕದ ಕೊನೆಯ ಕಡೆಯ ಒಂದು ಕಾರ್ತೀಕ ಮಾಸ, ಸ್ಕೂಲ್ ಟ್ರಿಪ್ಪಿನ ಬಸ್ಸುಗಳು ಸಾಲುಗಟ್ಟಿ ಬರುವ ಕಾಲ. ಬೆಳಿಗ್ಗೆ ಶರ್ಟಿಗೆ ಬಲಗೈ ತೂರಿಸಲು ಹೋದರೆ ಭುಜದೊಳಗೆ ಯಾರೋ ಕಡ್ಡಿ ಮುರಿದ ಹಾಗಾಯಿತು. ಉಳುಕಿರಬೇಕು ಎಂದು ಸುಮ್ಮನಾದೆ. ವಾರ ಕಳೆಯುವುದರೊಳಗೆ ಬೆನ್ನು ಉಜ್ಜಿಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. ತಿಂಗಳಾಗುವುದರೊಳಗೆ ತಲೆ ಬಾಚಲು ಮೇಲಕ್ಕೆ ಹೋಗಲಿಲ್ಲ. ಬಲಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತಿತ್ತು. ದೇವಸ್ಥಾನದಲ್ಲಿ ಆನೆ ತೋರಿಸುತ್ತಿದ್ದೆ, ಸಿಂಹ ತೋರಿಸುತ್ತಿದ್ದೆ, ಕೆಳಗಿನ ಬಳ್ಳಿಯನ್ನೂ ದಾಟುತ್ತಿದ್ದೆ. ಕುದುರೆ ಸಾಲಿಗೆ ಬಂದ ಕೂಡಲೇ ಕೈ ಗಕ್ಕನೆ ನಿಲ್ಲುತ್ತಿತ್ತು. ಅಲ್ಲಿಂದ ಮೇಲೆ ಒಂದು ಅಂಗುಲವೂ ಏಳುತ್ತಿರಲಿಲ್ಲ. ಹಾಗಾಗಿ ನಾನು ಆನೆಗಳ ಬಗ್ಗೆ ಜಾಸ್ತಿ ಮಾತಾಡತೊಡಗಿದೆ. ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ ಎಂದು ಒಂದೊಂದನ್ನೂ ಪರಿಚಯ ಮಾಡಿಸಿದೆ. ಶಿವಮೊಗ್ಗದ ಕಡೆಯ ಒಬ್ಬ ಮೇಷ್ಟ್ರು, ಮೇಲಿನದ್ದು ಯಾವಾಗ ಹೇಳ್ತೀರಿ ಎಂದು ಕೇಳಿದರು. ಮೊದಲು ಕೆಳಗಿನದ್ದು ಸರಿಯಾಗಿ ನೋಡುವುದನ್ನು ಕಲಿಯಿರಿ ಎಂದು ಅವರ ಮೇಲೆ ರೇಗಿದೆ.

ಊರಿನಲ್ಲಿ ಇಷ್ಟೊಂದು ಜನ ವೈದ್ಯರಿದ್ದಾರೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕಾಫಿ ಹೋಟೆಲಿನಲ್ಲಿ ವಾಯು ಎಂದರು, ಬಸ್ ಸ್ಟ್ಯಾಂಡಿನಲ್ಲಿ ನರ ಎಂದರು, ಕ್ಷೌರದಂಗಡಿಯಲ್ಲಿ ಯಾರೋ ದೃಷ್ಟಿ ಎಂದರು. ನನ್ನ ಮುಖಕ್ಕೆ ದೃಷ್ಟಿ ಹಾಕುವವರು ಯಾರು ಎಂದು ಅವನಿಗೂ ಬೈದೆ. ಕೊನೆಗೆ ಕಣಕಟ್ಟೆಯಿಂದ ನನ್ನ ಹೆಂಡತಿ ಶಾರದೆಯ ತಮ್ಮ ಬಸವರಾಜು ಬಂದ. ಅವನಿಗೆ ತೆಂಗಿನ ತೋಟವಿದೆ. ತೋಟ ಇರುವವನು ಲೋಕದ ಎಲ್ಲ ವಿಷಯದಲ್ಲೂ ಮಾತಾಡಬಹುದೆಂಬುದು ಅವನ ನಂಬಿಕೆ. ಹರಳೆಲೆ ಬಿಸಿ ಮಾಡಿ ಭುಜಕ್ಕೆ ಸುತ್ತಿ, ಹಳೆಯ ಪಂಚೆ ಹರಿದು ನನ್ನ ಕೈಯನ್ನು ಕುತ್ತಿಗೆಗೆ ಕಟ್ಟಿಬಿಟ್ಟ. “ಕೈ ಅಲ್ಲಾಡಿಸಬ್ಯಾಡಿ ಭಾವ. ಅಲ್ಲಾಡಿಸಿದ್ರೆ ನರ ಕಿತ್ಕಂಡೋಗ್ತೈತೆ. ಮೂರು ತಿಂಗ್ಳು ಹಿಂಗೇ ಕಟ್ಕಂಡಿರಿ, ತಾನಾಗೇ ಸರಿಹೋಗ್ತೈತೆ,” ಎಂದು ಹೇಳಿ, ಎರಡು ಮುದ್ದೆ ಉಂಡು ಬಸ್ಸು ಹತ್ತಿದ.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಪಂಚೆಯ ಕಟ್ಟಿನಿಂದ ನೋವು ಒಂದಿಷ್ಟೂ ಕಡಿಮೆಯಾಗಲಿಲ್ಲ, ಆದರೆ ಮರ್ಯಾದೆ ಬಂತು. ಕಟ್ಟಿದ ಕೈ ಕಂಡ ಕೂಡಲೇ ಹೋಟೆಲಿನವರು ಎದ್ದು ಜಾಗ ಕೊಟ್ಟರು. ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಸೀಟು ಕೊಡಿಸಿದ. ನಿನ್ನೆಯವರೆಗೂ ನನ್ನ ಭುಜವನ್ನು ನಂಬದಿದ್ದ ಜನ ಇವತ್ತು ಹೇಗಾಯ್ತು ಸ್ವಾಮಿ ಎಂದು ಕೇಳತೊಡಗಿದರು. ಬಿದ್ದೆ ಎಂದು ಒಬ್ಬರಿಗೆ ಹೇಳಿದೆ, ಸ್ಕೂಟರ್ ಎಂದು ಇನ್ನೊಬ್ಬರಿಗೆ ಹೇಳಿದೆ. ನನ್ನ ಹತ್ತಿರ ಸ್ಕೂಟರ್ ಇಲ್ಲ. ಹೀಗೆ ನನ್ನ ಕಾಯಿಲೆ ಮರ್ಯಾದಸ್ಥ ಕಾಯಿಲೆಗಳ ಪಟ್ಟಿಗೆ ಸೇರಿದ್ದರಿಂದ, ಬಿಚ್ಚಬೇಕೆನ್ನಿಸಿದಾಗಲೂ ಬಿಚ್ಚದೆ ಮೂರು ತಿಂಗಳು ಆ ಕೈಯನ್ನು ಕೂಸಿನಂತೆ ಎದೆಗೆ ಅವುಚಿಕೊಂಡು ಓಡಾಡಿದೆ.

ಆದರೆ ತೋರಿಸುವುದಾದರೂ ಹೇಗೆ? ಎಡಗೈ ಎತ್ತಿದೆ. ಧಾರವಾಡದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, ದೇವರನ್ನು ಎಡಗೈಯಲ್ಲಿ ತೋರಿಸುವ ಗೈಡನ್ನು ನಾನು ಈ ವಯಸ್ಸಿಗೆ ಇಲ್ಲೇ ಕಂಡದ್ದು ಎಂದು ಎಲ್ಲರೆದುರು ಮುಖ ತಿರುಗಿಸಿದರು. ಬಿದಿರಿನ ಕೋಲು ತಂದೆ. ಕಾವಲಿನ ನಂಜಪ್ಪ ಗೇಟಿನಲ್ಲೇ ಕಿತ್ತಿಟ್ಟುಕೊಂಡ, ಶಿಲ್ಪದ ಹತ್ತಿರ ಕೋಲು ತರುವ ಹಾಗಿಲ್ಲ. ಗದ್ದ ಎತ್ತಿ ತೋರಿಸಿದೆ. ಜನ ಗೋಡೆ ನೋಡುವುದು ಬಿಟ್ಟು ನನ್ನ ಗದ್ದ ನೋಡಿದರು. ಕೊನೆಗೊಂದು ಭಾನುವಾರ ಬ್ಯಾಂಕಿನಲ್ಲಿ ಕೆಲಸ ಮಾಡುವವರ ಒಂದು ಕುಟುಂಬ, ನಾನು ಹನ್ನೊಂದನೆಯ ಆನೆಯ ಸೊಂಡಿಲು ವಿವರಿಸುತ್ತಿರುವಾಗಲೇ, ಒಂದು ನಿಮಿಷ, ಈಗ ಬಂದೆವು ಎಂದು ಪಕ್ಕಕ್ಕೆ ಹೋಗಿ ಇನ್ನೊಬ್ಬ ಗೈಡಿನ ಗುಂಪಿನಲ್ಲಿ ನಿಂತುಕೊಂಡಿತು. ಅವನು ಆ ಹೊತ್ತಿಗೆ ನನ್ನ ನರ್ತಕಿಯ ಹಿಮ್ಮಡಿ ತೋರಿಸುತ್ತಿದ್ದ, ನನ್ನದೇ ಮಾತುಗಳಲ್ಲಿ, ತನ್ನ ಬಲಗೈ ಎತ್ತಿ. ಚಪ್ಪಾಳೆಯೂ ಬಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಸೀಸನ್ನಿನೊಳಗೆ ಈ ಕೈ ಮೇಲೇಳದಿದ್ದರೆ ಇಪ್ಪತ್ತು ವರ್ಷದ ನನ್ನ ಗೋಡೆ ಅವನ ಪಾಲು ಎಂಬುದು ಅವತ್ತು ಖಾತ್ರಿಯಾಯಿತು.

ಆ ಉರಿಯೆಲ್ಲ ಬಿದ್ದದ್ದು ಶಾರದೆಯ ಮೇಲೆ. ದಿನವೂ ನನಗೆ ಶರ್ಟು ತೊಡಿಸುವವಳು ಅವಳು, ಬೆನ್ನಿಗೆ ನೀರು ಹಾಕುವವಳು ಅವಳು, ತಲೆ ಬಾಚುವವಳು ಅವಳು. ತೋಳು ಸ್ವಲ್ಪ ಜಗ್ಗಿದರೆ ಕಣ್ಣು ಕಾಣಲ್ವಾ ಎನ್ನುತ್ತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ತರುವುದು ಹತ್ತು ನಿಮಿಷ ತಡವಾದರೂ ಅದಕ್ಕೊಂದು ಮಾತು. ಅವಳು ಡಬ್ಬಿ ಹಿಡಿದು ಗೇಟಿನಲ್ಲಿ ಚಪ್ಪಲಿ ಬಿಟ್ಟು, ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ದೇವಸ್ಥಾನ ಸುತ್ತಿ, ನಾನು ಯಾವ ಮೂಲೆಯಲ್ಲಿ ಯಾವ ಗುಂಪಿನ ಜೊತೆ ಇದ್ದೇನೆಂದು ಹುಡುಕಿಕೊಂಡು ಬರುತ್ತಿದ್ದಳು. ನಾನು ಗೈಡಾದಾಗಿನಿಂದ ನಡೆದುಬಂದ ಪದ್ಧತಿ ಅದು. ಗೇಟಿನಲ್ಲಿ ಕೊಟ್ಟುಹೋಗು ಎಂದು ನಾನೂ ಹೇಳಲಿಲ್ಲ, ಕೊಟ್ಟುಹೋಗಲೇ ಎಂದು ಅವಳೂ ಕೇಳಲಿಲ್ಲ. ಮೂರು ಹೊತ್ತೂ ನನ್ನ ಬೈಗುಳ ಕೇಳಿದರೂ ಅವಳು ಎದುರಾಡುತ್ತಿರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಗೋಡೆ ಹಿಡಿದು ಮೊದಲ ಹತ್ತು ಹೆಜ್ಜೆ ತುದಿಗಾಲಲ್ಲಿ ಹಾಕುತ್ತಿದ್ದಳು, ಆಮೇಲೆ ಸರಿಹೋಗುತ್ತಿದ್ದಳು. ಹಿಮ್ಮಡಿ ಚುಚ್ಚುತ್ತೆ ಎಂದು ಯಾವಾಗಲೋ ಹೇಳಿದ್ದಳು. ನಾನು ಅಡುಗೆಮನೆ ಬಾಗಿಲಿಗೆ ಒರಗಿ, ಏನೇ, ಗೋಡೆಯಿಂದ ಇಳಿದು ಬಂದ ನರ್ತಕಿಯಾ ನೀನು ಎಂದು ನಕ್ಕಿದ್ದೆ. ಆಮೇಲೆ ಅದೇ ತಮಾಷೆಯನ್ನು ಎಷ್ಟೋ ಬೆಳಿಗ್ಗೆ ಮಾಡಿದೆ. ಒಳ್ಳೆಯ ತಮಾಷೆ ಎಂದೇ ನನ್ನ ಭಾವನೆಯಾಗಿತ್ತು.

ಬ್ಯಾಂಕಿನವರು ಕೈಕೊಟ್ಟ ಮರುದಿನವೇ ಅರಸೀಕೆರೆಗೆ ಹೊರಟೆ. ಅಲ್ಲೊಬ್ಬರು ಮೂಳೆ ಡಾಕ್ಟರು ಇದ್ದಾರೆಂದು ನಂಜಪ್ಪ ಹೇಳಿದ್ದ. ಶರ್ಟು ಬಿಚ್ಚಿ ತೊಡಿಸಲು ಆಳು ಬೇಕಲ್ಲ, ಶಾರದೆಯನ್ನೂ ಕರೆದುಕೊಂಡು ಹೋದೆ. ಜಾವಗಲ್, ಬಾಣಾವರ ದಾಟಿ ಹೋಗುವಷ್ಟರಲ್ಲಿ ರಸ್ತೆಯ ಪ್ರತಿ ಗುಂಡಿಯನ್ನೂ ನನ್ನ ಭುಜ ಎಣಿಸಿತ್ತು. ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು, ಅದಕ್ಕೂ ನನಗೆ ಸಿಟ್ಟು ಬಂತು. ಅವರು ಮೊದಲು ಪಂಚೆಯ ಕಟ್ಟು ಬಿಚ್ಚಿ ಬುಟ್ಟಿಗೆ ಹಾಕಿದರು. ಕೈ ಎತ್ತಿ ಎಂದರು, ಏಳಲಿಲ್ಲ. ತಾವೇ ಹಿಡಿದು ಎತ್ತಿದರು, ಆಗಲೂ ಅಲ್ಲಿಗೇ ನಿಂತಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಗಡೆಗೆ ತಿರುಗಿಸಿದಾಗ ನನ್ನ ಬಾಯಿಂದ ಹೊರಟ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ನಾನು ಎತ್ತಿದರೂ ಏಳುತ್ತಿಲ್ಲ ಎಂದರೆ ಇದು ಕೀಲೇ ಬಿಗಿದುಕೊಂಡಿರುವುದು, ಕೀಲಿನ ಸುತ್ತ ಇರುವ ಚೀಲ ಗಟ್ಟಿಯಾಗಿದೆ, ನಲವತ್ತು ಐವತ್ತು ದಾಟಿದವರಿಗೆ ಬರುವಂಥದ್ದೇ ಎಂದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿ ರಕ್ತ ಪರೀಕ್ಷೆಗೂ ಬರೆದರು.

“ಅಲ್ಲ ಡಾಕ್ಟ್ರೇ, ಮೂರು ತಿಂಗಳು ಒಂಚೂರೂ ಅಲ್ಲಾಡಿಸದೆ ಇಟ್ಕೊಂಡಿದೀನಲ್ಲ,” ಎಂದೆ.

“ಅದೇ ನೀವು ಮಾಡಿದ ತಪ್ಪು. ಅಲ್ಲಾಡಿಸದೆ ಇಟ್ಟಿದ್ದಕ್ಕೇ ಇನ್ನಷ್ಟು ಬಿಗೀತು.”

ಬಿಸಿ ಶಾಖ ಕೊಡಿ, ಮುಂದಕ್ಕೆ ಬಾಗಿ ಕೈಯನ್ನು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ತೂಗಾಡಿಸಿ, ಆಮೇಲೆ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿ, ನೋವು ತಡೆದುಕೊಳ್ಳಲು ಆಗುವಷ್ಟು ಮಾತ್ರ, ದಿನಕ್ಕೆ ಮೂರು ಸಲ ಎಂದರು. ಕೆಲವು ದಿನಕ್ಕೆ ಮಾತ್ರೆ ಬರೆದರು. ಇಂಜೆಕ್ಷನ್ ಇಲ್ಲವಾ ಎಂದರೆ ಬೇಕಾದರೆ ಮುಂದೆ ನೋಡೋಣ, ಮೊದಲು ಗೋಡೆ ಎಂದರು. ಎಷ್ಟು ದಿನ ಎಂದರೆ ಆರು ತಿಂಗಳೂ ಆಗಬಹುದು, ವರ್ಷ ದಾಟಲೂಬಹುದು, ಬಿಡದೆ ಮಾಡಿದರೆ ಬರುತ್ತೆ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಗೋಡೆ ನೋಡಲು ದೇಶದ ಜನವೆಲ್ಲ ನಮ್ಮೂರಿಗೆ ಬರುತ್ತಾರೆ, ನಾನು ಗೋಡೆ ಹತ್ತುವ ಔಷಧಿಗೆ ಅರಸೀಕೆರೆಗೆ ಬಂದೆನಲ್ಲ ಎಂದುಕೊಂಡು, ಏಳೇ ಹೋಗೋಣ ಎಂದೆ.

ಶಾರದೆ ಬೆಂಚಿನಿಂದ ಎದ್ದಳು. ತುಂಬ ಹೊತ್ತು ಕೂತಿದ್ದಳು, ಹಾಗಾಗಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ತುದಿಗಾಲಲ್ಲಿ ಹಾಕಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಹಿಮ್ಮಡಿ ನೋವು ಎಷ್ಟು ದಿನದಿಂದ ಇದೆಯಮ್ಮ?”

ಅವಳು ಮೊದಲು ನನ್ನ ಕಡೆ ನೋಡಿದಳು. “ದಿನ ಅಲ್ಲ ಸಾರ್, ಐದು ವರ್ಷ ಆಗಿರ್ಬೇಕು.”

“ಐದು ವರ್ಷ ಯಾರಿಗೂ ಹೇಳಲೇ ಇಲ್ವಾ?”

“ಇವರಿಗೆ ಹೇಳಿದ್ದೆ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಎಲುಬುಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅವರು ಅವಳನ್ನು ಕೂರಿಸಿ ಹಿಮ್ಮಡಿಯ ಒಳಗಡೆ ಹೆಬ್ಬೆರಳಿನಿಂದ ಒತ್ತಿದರು. ಅವಳು ಸೆರಗು ಬಾಯಿಗಿಟ್ಟುಕೊಂಡಳು. ಅಂಗಾಲಿನ ಉದ್ದಕ್ಕೂ ಇರುವ ಪಟ್ಟಿಯಂಥ ನಾರು ಹಿಮ್ಮಡಿಯ ಹತ್ತಿರ ನೊಂದಿದೆ, ಅದಕ್ಕೇ ಎದ್ದ ಕೂಡಲೇ ಮೊದಲ ಹೆಜ್ಜೆಗಳು ಕಷ್ಟ, ಆಮೇಲೆ ಸಡಿಲವಾಗುತ್ತೆ ಎಂದರು. ಹಾಸಿಗೆಯಿಂದ ಇಳಿಯುವ ಮೊದಲೇ ಟವೆಲು ಹಾಕಿ ಕಾಲ್ಬೆರಳುಗಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, ಗೋಡೆಗೆ ಎರಡೂ ಕೈ ಒತ್ತಿ ಒಂದು ಕಾಲು ಹಿಂದೆ ಚಾಚಿ ಮೀನಖಂಡ ಜಗ್ಗಬೇಕು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು, ಸ್ವಲ್ಪ ಕಾಲ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲೇಬಾರದು.

“ಹಾಗಾದ್ರೆ ಇವರ ಊಟ?” ಎಂದಳು ಶಾರದೆ.

ಐದು ವರ್ಷದ ನೋವಿಗೆ ಔಷಧಿ ಸಿಕ್ಕ ಕೂಡಲೇ ಅವಳಿಗೆ ಹೊಳೆದ ಮೊದಲ ಚಿಂತೆ ಅದು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ವಾಪಸು ಬರುವಾಗ ಬಾಣಾವರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೇಟಿಗೆ ಬೈದೆ, ಗೂಡ್ಸ್ ರೈಲಿನ ಉದ್ದಕ್ಕೆ ಬೈದೆ, ಸಮಾಧಾನವಾಗಲಿಲ್ಲ. ಅವಳು ಕೈ ತುಂಬಾ ನೋಯ್ತಿದೆಯಾ ಎಂದು ಕೇಳಿದಳು. ನಿನ್ನ ಕಾಲು ಎಂದೆ. ಕೂತಿದ್ರೆ ಏನಿಲ್ಲ ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಾನು ಅವಳ ಕಾಲಿನ ಬಗ್ಗೆ ತಮಾಷೆಯಲ್ಲದ ಒಂದು ಮಾತು ಆಡಿದ್ದು ಅದೇ ಮೊದಲು, ಅದೂ ಎರಡೇ ಪದ.

ಮರುದಿನದಿಂದ ನಮ್ಮ ನಡುಮನೆಯ ಗೋಡೆಗೆ ಕಷ್ಟಕಾಲ ಬಂತು. ಒಂದು ಕಡೆ ಶಾರದೆ ಎರಡೂ ಕೈ ಒತ್ತಿ ಗೋಡೆ ತಳ್ಳುವಳು, ಇನ್ನೊಂದು ಕಡೆ ನಾನು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ಹತ್ತಿಸುವೆ. ಹಾಲು ತಂದ ಪಕ್ಕದ ಮನೆಯವರು, ಮನೆ ಏನಾದ್ರೂ ವಾಲಿದೆಯಾ ಎಂದು ಗಾಬರಿಯಾಗಿ ಕೇಳಿದರು. ನಾನು ಬೆರಳು ಮುಟ್ಟಿದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು ಕುದುರೆ, ಬಳ್ಳಿ, ಕಥೆ ಎಂದು ಬರೆದುಕೊಂಡೆ. ಅಂಗುಲದ ಲೆಕ್ಕ ನನಗೆ ತಿಳಿಯದು. ಒಂದೊಂದು ಬೆರಳಗಲಕ್ಕೂ ಕಣ್ಣಲ್ಲಿ ನೀರು ಬರುತ್ತಿತ್ತು. ಮತ್ತೊಮ್ಮೆ ಬಂದ ಬಸವರಾಜು ಶಾರದೆಯ ಮೆತ್ತನೆಯ ಚಪ್ಪಲಿ ಕಂಡು, ಅಡುಗೆಮನೆಗೆ ಚಪ್ಪಲಿ ಹಾಕ್ಕಂಡು ಹೋಗೋದು ಯಾವ ಸೀಮೆ ಪದ್ಧತಿ ಎಂದು ಮೂಗು ಮುರಿದ. ನನ್ನ ಕೈಯನ್ನು ಮೂರು ತಿಂಗಳು ಕಟ್ಟಿಹಾಕಿದವನು ನೀನು, ಇನ್ನು ನಿನ್ನಕ್ಕನ ಕಾಲಿಗೂ ಬಂದೆಯಾ ಎಂದು ಶುರು ಮಾಡಿ ನಾನು ಅವತ್ತು ಬೈದದ್ದಿದೆಯಲ್ಲ, ಆ ವರ್ಷದಲ್ಲಿ ಸರಿಯಾದ ವಿಳಾಸಕ್ಕೆ ಹೋದ ಬೈಗುಳ ಅದೊಂದೇ ಇರಬೇಕು.

ಮನೆಯ ಗೋಡೆಯಲ್ಲಿ ಮಕರದ ಗೆರೆ ಮುಟ್ಟಿದ ದಿನ ನನಗೆ ತಡೆಯಲಾಗಲಿಲ್ಲ. ನಿಜವಾದ ಮಕರಕ್ಕೆ ಕೈ ಹೋಗುತ್ತದೋ ಇಲ್ಲವೋ ನೋಡಬೇಕೆನ್ನಿಸಿತು. ಜನ ಕಡಿಮೆ ಇದ್ದ ಹೊತ್ತು ನೋಡಿ, ದೇವಸ್ಥಾನದ ಹಿಂಬದಿಗೆ ಹೋಗಿ, ಗೋಡೆಗೆ ಬೆರಳಿಟ್ಟು ಆನೆಯಿಂದ ಹತ್ತಿಸತೊಡಗಿದೆ. ಕಥೆಗಳ ಸಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಶಿಳ್ಳೆ ಕೇಳಿಸಿತು. ನಂಜಪ್ಪ ನಿಂತಿದ್ದ.

“ಏನ್ ಸ್ವಾಮಿ ಇದು? ಮುಟ್ಬ್ಯಾಡಿ ಮುಟ್ಬ್ಯಾಡಿ ಅಂತ ಇಪ್ಪತ್ತು ವರ್ಷದಿಂದ ಬಂದೋರ್ನೆಲ್ಲ ಬೈತಿರೋರು ನೀವೇ ಅಲ್ವಾ?”

ಡಾಕ್ಟರು ಹೇಳಿದ್ದಾರೆ ಎಂದೆ. ಯಾವ ಡಾಕ್ಟರು ದೇವಸ್ಥಾನದ ಗೋಡೆ ಬರ್ಕೊಟ್ಟಿದ್ದು, ಚೀಟಿ ತೋರ್ಸಿ ಎಂದ. ಅಷ್ಟರಲ್ಲಿ ಮೂಲೆಯಲ್ಲಿ ನಿಂತು ನೋಡುತ್ತಿದ್ದ ನಾಲ್ವರು ಯಾತ್ರಿಕ ಹೆಂಗಸರು ಇದು ಯಾವ ಹರಕೆ, ಆನೆಯಿಂದಲೇ ಶುರು ಮಾಡಬೇಕಾ ಎಂದು ಕೇಳುತ್ತಾ ಗೋಡೆಯ ಹತ್ತಿರ ಬಂದರು. ಅವರನ್ನು ತಡೆಯುವುದರಲ್ಲಿ ನಂಜಪ್ಪನೂ ನಾನೂ ಸುಸ್ತಾದೆವು.

ಈಗ ಊಟದ ಡಬ್ಬಿಯನ್ನು ಬೆಳಿಗ್ಗೆ ನಾನೇ ಹಿಡಿದುಕೊಂಡು ಹೋಗುತ್ತೇನೆ. ಮಧ್ಯಾಹ್ನಕ್ಕೆ ಮುದ್ದೆ ತಣ್ಣಗಾಗಿರುತ್ತದೆ, ಆದರೂ ಬಾಯಿ ಮುಚ್ಚಿಕೊಂಡು ಉಣ್ಣುತ್ತೇನೆ. ಶಾರದೆಯ ಹಿಮ್ಮಡಿ ನಾಲ್ಕೈದು ತಿಂಗಳಲ್ಲಿ ಬಹುಮಟ್ಟಿಗೆ ವಾಸಿಯಾಯಿತು. ಐದು ವರ್ಷ ಅನುಭವಿಸಿದ ನೋವಿಗೆ ಬೇಕಾಗಿದ್ದದ್ದು ಒಂದು ಟವೆಲು, ಒಂದು ಗೋಡೆ, ಒಂದು ಜೊತೆ ಚಪ್ಪಲಿ, ಮತ್ತು ಹೇಳಿದ್ದನ್ನು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಮೊದಲ ಮೂರೂ ನಮ್ಮ ಮನೆಯಲ್ಲೇ ಇದ್ದವು. ನನ್ನ ಕೈ ಹಂಸವನ್ನು ಮುಟ್ಟಲು ಮುಂದಿನ ಕಾರ್ತೀಕ ಬರಬೇಕಾಯಿತು.

ಆ ಕಾರ್ತೀಕದಲ್ಲಿ ಬೆಂಗಳೂರಿನಿಂದ ಒಂದು ಗುಂಪು ಬಂತು, ಕುತ್ತಿಗೆಗೆ ರೀಲಿನ ಕ್ಯಾಮೆರಾ ಹಾಕಿಕೊಂಡವರು. ವರ್ಷದ ಮೇಲೆ ಮೊದಲ ಬಾರಿಗೆ ಆನೆಯಿಂದ ಹಿಡಿದು ನರ್ತಕಿಯವರೆಗೆ ಇಡೀ ಗೋಡೆಯನ್ನು ಬಲಗೈ ಎತ್ತಿ ತೋರಿಸಿದೆ. ಭುಜ ನೋಯುತ್ತಿತ್ತು, ಆದರೂ ತಡೆದುಕೊಂಡೆ. ಕೊನೆಗೆ ಅವಳ ಮುಂದೆ ನಿಂತು ಹಿಮ್ಮಡಿಯ ಕಡೆಗೆ ಕೈ ಎತ್ತಿದಾಗ ನನ್ನ ಆ ಐದು ನಿಮಿಷದ ಮಾತನ್ನು ಬಿಟ್ಟುಬಿಟ್ಟೆ. ಗುಂಪಿನಲ್ಲಿದ್ದ ಕನ್ನಡಕದವರೊಬ್ಬರು, ಅವಳು ಯಾಕ್ರೀ ಹಿಮ್ಮಡಿ ಎತ್ತಿದ್ದಾಳೆ ಎಂದು ಕೇಳಿದರು.

“ನೋಯ್ತಿರಬಹುದು ಸ್ವಾಮಿ. ಯಾರೂ ಕೇಳಿಲ್ಲ,” ಎಂದೆ.

ಗುಂಪಿಗೆ ಗುಂಪೇ ಗೊಳ್ಳೆಂದು ನಕ್ಕಿತು. ಒಳ್ಳೆಯ ತಮಾಷೆ ಎಂದು ಕನ್ನಡಕದವರು ನನ್ನ ಬಲಭುಜದ ಮೇಲೆಯೇ ಒಂದು ಏಟು ಕೊಟ್ಟರು. ನೋವಿಗಿಂತ ಆ ನಗುವಿಗೆ ನನಗೆ ತಡೆಯಲಾರದ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಿಗೆ ಒರಗಿ ಐದು ವರ್ಷ ಅದೇ ನಗು ನಕ್ಕವನು ನಾನು ಎಂಬುದು ನೆನಪಾಗಿ, ಬಾಯಿ ಮುಚ್ಚಿ ಕೈ ಇಳಿಸಿದೆ. ಅವರು ಚಪ್ಪಾಳೆ ತಟ್ಟಿದರು.